ಚಿತ್ರದ ಹಿಂಬದಿ

ಅಂಚೆಚೀಟಿ, ನಾಣ್ಯ ಕೂಡಿಡುವವರನ್ನು ನೀವೆಲ್ಲ ನೋಡಿರುತ್ತೀರಿ. ನನ್ನ ಹುಚ್ಚು ಸ್ವಲ್ಪ ಬೇರೆ. ಅಮೆರಿಕದ ಬೇಸ್‌ಬಾಲ್ ಆಟಗಾರರ ಹಳೆಯ ಪತ್ರಿಕಾ ಛಾಯಾಚಿತ್ರಗಳನ್ನು ನಾನು ಕೂಡಿಡುತ್ತೇನೆ. ನ್ಯೂಜೆರ್ಸಿಯ ಮಗನ ಮನೆಗೆ ಹೋದಾಗ, ಅಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಅಂಟಿದ ಗೀಳಿದು. ಈಗ 23 ಚಿತ್ರಗಳಿವೆ. "ಕ್ರಿಕೆಟ್ ಬಿಟ್ಟು ಇದೇನ್ರೀ?" ಎಂದು ನಮ್ಮ ಮನೆಯವರು ಈಗಲೂ ಕೇಳುತ್ತಾರೆ.

ಇವು ಪತ್ರಿಕೆಯಿಂದ ಕತ್ತರಿಸಿದ ಚಿತ್ರಗಳಲ್ಲ. ಅಚ್ಚಿಗೆ ಹೋಗುವ ಮೊದಲು ಸಂಪಾದಕರ ಮೇಜಿಗೆ ಬರುತ್ತಿದ್ದ ಕಪ್ಪು-ಬಿಳುಪು ಪ್ರತಿಗಳು. ಕೆಲಸ ಮುಗಿದ ಮೇಲೆ ಕಚೇರಿಯ ಕಪಾಟು ಸೇರುತ್ತಿದ್ದವು. ಕಂಪ್ಯೂಟರ್ ಬಂದು ಕಪಾಟು ಬೇಡವಾದಾಗ ಹಲವು ಪತ್ರಿಕೆಗಳು ಅವನ್ನು ಮಾರಿಬಿಟ್ಟವು.

ಚಿತ್ರ ಕೈಗೆ ಬಂದರೆ ಮೊದಲು ತಿರುಗಿಸಿ ನೋಡುತ್ತೇನೆ. 35 ವರ್ಷ ಚೆಕ್ಕಿನ ಹಿಂಬದಿಯ ರುಜು ನೋಡಿದ ಬ್ಯಾಂಕ್ ಗುಮಾಸ್ತನ ಕಣ್ಣು ಇನ್ನೆಲ್ಲಿಗೆ ಹೋದೀತು! ಅಲ್ಲಿ ಸುದ್ದಿಸಂಸ್ಥೆಯ ಮೊಹರು, ಟೈಪು ಮಾಡಿ ಅಂಟಿಸಿದ ವಿವರದ ಚೀಟಿ, ಚಿತ್ರ ಬಳಸಿದ ದಿನಾಂಕಗಳು ಇರುತ್ತವೆ.

ನನ್ನಲ್ಲಿ ಜಾಕಿ ರಾಬಿನ್‌ಸನ್ ಅವರ ಚಿತ್ರವೊಂದಿದೆ. ಆಗ ಕಪ್ಪು ಆಟಗಾರರಿಗೆ ಅಲ್ಲಿನ ದೊಡ್ಡ ಲೀಗುಗಳ ಬಾಗಿಲು ಮುಚ್ಚಿತ್ತು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಜರ್ಸ್ ಪರ ಕಣಕ್ಕಿಳಿದು ಆ ಬಾಗಿಲು ತೆರೆದವರು ಇವರು. ಬೈಗುಳವನ್ನೆಲ್ಲ ನುಂಗಿಕೊಂಡು ಆಡಿದರು. ಅವರ 42ನೇ ಸಂಖ್ಯೆಯನ್ನು 1997ರಲ್ಲಿ ಎಲ್ಲ ತಂಡಗಳೂ ಗೌರವದಿಂದ ಎತ್ತಿಟ್ಟವು. ನನ್ನ ಚಿತ್ರದ ಹಿಂದೆ ನಾಲ್ಕು ಮೊಹರುಗಳಿವೆ. ಕೊನೆಯದು 1972ರ ಅಕ್ಟೋಬರ್ 25. ಹಿಂದಿನ ದಿನವಷ್ಟೇ ರಾಬಿನ್‌ಸನ್ ತೀರಿಕೊಂಡಿದ್ದರು. ನನ್ನಂಥ ಯಾರೋ ಗುಮಾಸ್ತ ಕಪಾಟು ತೆರೆದು ಈ ಚಿತ್ರ ಹುಡುಕಿ ಕೊಟ್ಟಿರಬೇಕು. ಆಮೇಲೆ ಆ ಖಾತೆಯಲ್ಲಿ ನಮೂದಿಲ್ಲ.

ಇನ್ನೊಂದು ಚಿತ್ರದ ಅಸಲು ಪ್ರತಿ ಪಿಂಚಣಿದಾರನಿಗೆ ಎಟುಕುವಂಥದ್ದಲ್ಲ, ಮರುಮುದ್ರಣ ಇಟ್ಟುಕೊಂಡಿದ್ದೇನೆ. 714 ಹೋಂ ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದ ಬೇಬ್ ರೂತ್ 1948ರ ಜೂನ್ 13ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಬೀಳ್ಕೊಂಡರು. ಕ್ಯಾನ್ಸರಿನಿಂದ ಸೊರಗಿದ್ದ ಅವರಿಗೆ ಬ್ಯಾಟೇ ಊರುಗೋಲಾಗಿತ್ತು. ಉಳಿದ ಛಾಯಾಗ್ರಾಹಕರು ಎದುರು ನಿಂತಿದ್ದರೆ, ನ್ಯಾಟ್ ಫೈನ್ ಹಿಂದೆ ಹೋಗಿ ಕ್ಲಿಕ್ಕಿಸಿದರು. ಮುಖ ಕಾಣುವುದಿಲ್ಲ. ಬಾಗಿದ ಬೆನ್ನು, ಅದರ ಮೇಲೆ 3 ಎಂಬ ಅಂಕಿ, ಅಷ್ಟೇ. ಎರಡೇ ತಿಂಗಳಲ್ಲಿ ರೂತ್ ಹೋಗಿಬಿಟ್ಟರು. ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು.

ಕಳೆದ ವರ್ಷ ರಜೆಗೆ ಬೆಂಗಳೂರಿಗೆ ಬಂದ ಮೊಮ್ಮಗಳು ಇವನ್ನೆಲ್ಲ ತಿರುಗಿಸಿ ನೋಡಿ, "ತಾತ, ನಮ್ಮನೆ ಫೋಟೋ ಹಿಂದೆ ಏನು ಬರ್ದಿದೆ?" ಅಂದಳು. ಟ್ರಂಕಿನಿಂದ ನಮ್ಮ ಅಜ್ಜಿ ಮನೆಯ ಮದುವೆಯೊಂದರ ಚಿತ್ರ ತೆಗೆದೆವು. ಒಟ್ಟು 18 ಜನ. ಹಿಂದೆ ಸ್ಟುಡಿಯೋದ ಮೊಹರು ಬಿಟ್ಟರೆ ಒಂದಕ್ಷರವಿಲ್ಲ. ಏಳು ಜನರ ಗುರುತು ಹಿಡಿದೆ. ಉಳಿದ 11 ಜನರನ್ನು ಬಲ್ಲವರು ಈಗ ಯಾರೂ ಉಳಿದಿಲ್ಲ. ಸಾತ್ಸಮುದ್ರದಾಚೆಯ ರೂತ್ ಎಂದು, ಎಲ್ಲಿ ನಿಂತಿದ್ದರೆಂದು ನಾನು ಹೇಳಬಲ್ಲೆ. ಮುಂದಿನ ಸಾಲಿನಲ್ಲಿ ಬೊಂಬೆ ಹಿಡಿದು ಕೂತ ನಮ್ಮದೇ ಮನೆಯ ಪುಟ್ಟ ಹುಡುಗಿ ಯಾರೆಂದು ಹೇಳಲಾರೆ. ಗೊತ್ತಿದ್ದ ಏಳು ಹೆಸರುಗಳನ್ನು ಮೊಮ್ಮಗಳು ಅಂದೇ ಬರೆದಳು.

ಮಕ್ಕಳೇ, ಈ ಭಾನುವಾರ ನೀವೂ ಮನೆಯ ಹಳೆ ಫೋಟೋಗಳನ್ನು ತೆಗೆದು ಅಜ್ಜ-ಅಜ್ಜಿಯ ಪಕ್ಕ ಕುಳಿತುಕೊಳ್ಳಿ. ಹೆಸರು, ಊರು, ಇಸವಿ ಕೇಳಿ ಹಿಂಬದಿಯಲ್ಲಿ ಬರೆಯಿರಿ. ಪೆನ್ನು ಬೇಡ, ಶಾಯಿ ಇಳಿದೀತು. ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ. ಅಜ್ಜ-ಅಜ್ಜಿಯರೇ, ನೀವು ಕನ್ನಡಕ ಹುಡುಕಿಟ್ಟುಕೊಳ್ಳಿ.