ಮಾರ್ಕರ್‌ನ ರುಜು

ಹವ್ಯಾಸಿ ಗಾಲ್ಫ್ ಪಂದ್ಯಾವಳಿಯ ಫಲಿತಾಂಶಪಟ್ಟಿ ಮೊದಲ ನೋಟಕ್ಕೆ ನಮ್ಮ ಕಚೇರಿಯ ವೇತನಪಟ್ಟಿಯಂತೆಯೇ ಕಾಣುತ್ತದೆ. ಒಂದು ಅಂಕಣದಲ್ಲಿ ಗ್ರಾಸ್, ಇನ್ನೊಂದರಲ್ಲಿ ನೆಟ್, ನಡುವೆ ಕಡಿತ. ಆ ಕಡಿತಕ್ಕೆ ಇಲ್ಲಿ ಹ್ಯಾಂಡಿಕ್ಯಾಪ್ ಎಂದು ಹೆಸರು. 18 ಕುಳಿಗಳನ್ನು 96 ಹೊಡೆತಗಳಲ್ಲಿ ಮುಗಿಸಿದವನ ಹ್ಯಾಂಡಿಕ್ಯಾಪ್ 24 ಆಗಿದ್ದರೆ ಅವನ ನೆಟ್ 72. 80ರಲ್ಲಿ ಮುಗಿಸಿದವನ ಹ್ಯಾಂಡಿಕ್ಯಾಪ್ 6 ಆಗಿದ್ದರೆ 74. ಕಡಿಮೆ ಅಂಕದವನೇ ವಿಜಯಿಯಾದ್ದರಿಂದ ಸಾಧಾರಣ ಆಟಗಾರನು ಸಮರ್ಥನನ್ನು ಸೋಲಿಸಿ ಹೂದಾನಿಯೊಂದನ್ನು ಮನೆಗೆ ಒಯ್ಯುತ್ತಾನೆ. ಇಬ್ಬರು ಸಮವಾದರೆ ಕೊನೆಯ ಒಂಬತ್ತು ಕುಳಿಗಳ ಲೆಕ್ಕ, ಅಲ್ಲಿಯೂ ಸಮವಾದರೆ ಕೊನೆಯ ಆರು, ಮೂರು, ಒಂದು. ನಮ್ಮ ಲೆಕ್ಕಪತ್ರ ವಿಭಾಗದವರಿಗೆ ಇಷ್ಟು ಅಚ್ಚುಕಟ್ಟಾದ ಕ್ರೀಡೆ ಬೇರೊಂದಿಲ್ಲ.

ದೆಹಲಿಯ ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ನಾವು ನಾಲ್ವರು ಕನ್ನಡಿಗರು ಭಾನುವಾರದ ಬೆಳಗುಗಳನ್ನು ಲಾಡೋ ಸರಾಯಿಯ ಕುತುಬ್ ಗಾಲ್ಫ್ ಕೋರ್ಸಿನಲ್ಲಿ ಕಳೆಯುತ್ತೇವೆ. ಅದು ಡಿಡಿಎ ನಡೆಸುವ ಸಾರ್ವಜನಿಕ ಮೈದಾನ. ಶುಲ್ಕ ತೆತ್ತರೆ ಸದಸ್ಯರಲ್ಲದವರಿಗೂ ಪ್ರವೇಶವುಂಟು. ಹಳೆಯ ಗೋರಿಗಳ ನಡುವೆ ಹಬ್ಬಿರುವ ದೆಹಲಿ ಗಾಲ್ಫ್ ಕ್ಲಬ್ಬಿನ ಸದಸ್ಯತ್ವಕ್ಕಾಗಿ ಕಾದು ಕುಳಿತರೆ ನಿವೃತ್ತಿಯೇ ಮೊದಲು ಬಂದೀತು. ಎಂ.ಎ. ಓದುವಾಗ ವುಡ್‌ಹೌಸನ ಗಾಲ್ಫ್ ಕಥೆಗಳನ್ನು ಪಠ್ಯದ ಹೊರಗೆ ಓದಿ ನಕ್ಕಿದ್ದ ನಮಗೆ, ಆ ಆಟ ಮುಂದೆ ನಮ್ಮ ಮೊಣಕೈಗಳನ್ನೂ ನೋಯಿಸೀತೆಂಬ ಕಲ್ಪನೆ ಇರಲಿಲ್ಲ.

ಆಟಕ್ಕಿಂತ ಅದರ ಮರ್ಯಾದೆಗಳೇ ನಮ್ಮನ್ನು ಹಿಡಿದಿಟ್ಟವು. ಒಬ್ಬನು ಹೊಡೆಯಲು ನಿಂತಾಗ ಉಳಿದವರು ಅಲುಗಾಡಬಾರದು. ನೆರಳು ಕೂಡ ಅವನ ಚೆಂಡಿನ ಮೇಲೆ ಬೀಳಬಾರದು. ಗ್ರೀನ್ ಮೇಲೆ ಇನ್ನೊಬ್ಬನ ಚೆಂಡು ಉರುಳಬೇಕಾದ ಹಾದಿಯನ್ನು ತುಳಿಯಬಾರದು. ಚೆಂಡು ಬಿದ್ದು ಮಾಡಿದ ಗುಳಿಯನ್ನು ಅದನ್ನು ಹೊಡೆದವನೇ ಸರಿಪಡಿಸಬೇಕು, ಮರಳಿನ ಬಂಕರಿನಿಂದ ಹೊರಬರುವಾಗ ತನ್ನ ಹೆಜ್ಜೆಗಳನ್ನು ತಾನೇ ಹರಗಿ ಅಳಿಸಬೇಕು. ಹಿಂದೆ ಬರುವವನು ಅಪರಿಚಿತ. ಅವನಿಗಾಗಿ ನೆಲವನ್ನು ಸಮ ಮಾಡಿಡುವುದು. ನೆಲದ ಮೇಲೆ ಹೆಜ್ಜೆ ಉಳಿಸಿಹೋಗುವುದನ್ನೇ ಸಾಧನೆಯೆನ್ನುವ ನಗರದಲ್ಲಿ ಇದೊಂದು ವಿಚಿತ್ರ ಶಿಕ್ಷಣ. ಚೆಂಡು ದಾರಿ ತಪ್ಪಿ ಜನರತ್ತ ಹೋದರೆ 'ಫೋರ್' ಎಂದು ಕೂಗಲೇಬೇಕು. ನಮ್ಮಲ್ಲೊಬ್ಬರು ಗಾಬರಿಯಲ್ಲಿ 'ಅಯ್ಯಯ್ಯೋ' ಎಂದು ಕೂಗುತ್ತಾರೆ. ಅದರಿಂದಲೂ ಜನ ತಲೆ ತಗ್ಗಿಸಿದ್ದನ್ನು ಕಂಡಿದ್ದೇವೆ.

ಆದರೆ ಈ ಆಟದ ಅತಿ ದೊಡ್ಡ ಮರ್ಯಾದೆ ಇರುವುದು ಅಂಗೈಯಗಲದ ಸ್ಕೋರ್ ಕಾರ್ಡಿನಲ್ಲಿ. ಹವ್ಯಾಸಿಗಳ ಪಂದ್ಯದಲ್ಲಿ ಪ್ರತಿ ಗುಂಪಿನ ಹಿಂದೆ ತೀರ್ಪುಗಾರರಿರುವುದಿಲ್ಲ. ಒಬ್ಬನ ಅಂಕವನ್ನು ಜೊತೆಗಾರನು ಬರೆಯುತ್ತಾನೆ, ಅವನೇ ಮಾರ್ಕರ್. ಕೊನೆಗೆ ಇಬ್ಬರೂ ರುಜು ಹಾಕುತ್ತಾರೆ. 1925ರ ಯುಎಸ್ ಓಪನ್‌ನಲ್ಲಿ ಬಾಬಿ ಜೋನ್ಸ್ ಎಂಬ ಹವ್ಯಾಸಿ ಆಟಗಾರ, ತನ್ನ ಚೆಂಡು ಹುಲ್ಲಿನಲ್ಲಿ ತುಸು ಅಲುಗಿತೆಂದು ತಾನೇ ಹೇಳಿ ಒಂದು ಹೊಡೆತದ ದಂಡ ಹಾಕಿಕೊಂಡರು. ಪಂದ್ಯ ಸಮವಾಯಿತು, ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್ ಗೆದ್ದರು. 1968ರ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 17ನೆಯ ಕುಳಿಯನ್ನು ಮೂರರಲ್ಲಿ ಮುಗಿಸಿದ್ದರೂ ಜೊತೆಗಾರನು ನಾಲ್ಕೆಂದು ಬರೆದ. ನೋಡದೆ ರುಜು ಹಾಕಿದ್ದರಿಂದ ನಾಲ್ಕೇ ಉಳಿದು ಪ್ರಶಸ್ತಿಯ ಅವಕಾಶ ಹೋಯಿತು. ಇದ್ದುದಕ್ಕಿಂತ ಹೆಚ್ಚು ಬರೆದಿದ್ದರೆ ಅದೇ ಖಾಯಂ, ಕಡಿಮೆ ಬರೆದಿದ್ದರೆ ಅನರ್ಹತೆ.

ಎರಡು ಚಳಿಗಾಲಗಳ ಹಿಂದೆ ಅಧಿಕಾರಿಗಳ ಪಂದ್ಯವೊಂದರಲ್ಲಿ, ನಮ್ಮ ನಾಲ್ವರಲ್ಲಿ ಕಿರಿಯನಾದ ಧಾರವಾಡದ ಗೆಳೆಯನಿಗೆ ಹಿರಿಯ ಅಧಿಕಾರಿಯೊಬ್ಬರ ಕಾರ್ಡು ಬಂತು. ಅವನ ವಾರ್ಷಿಕ ಎಪಿಎಆರ್ ವರದಿಯನ್ನು ಪರಿಶೀಲಿಸುವವರೂ ಅವರೇ. 14ನೆಯದು ನಾಲ್ಕು ಹೊಡೆತದ ಕುಳಿ. ಅವರ ಎರಡನೆಯ ಹೊಡೆತ ಬಂಕರಿಗೆ ಬಿತ್ತು. ಮೂರನೆಯದು ಮರಳಿನ ಅಂಚಿಗೆ ತಗುಲಿ ಹಿಂದಕ್ಕುರುಳಿತು. ನಾಲ್ಕನೆಯದು ಗ್ರೀನ್ ಸೇರಿತು. ಅಲ್ಲಿ ಎರಡು ಪಟ್. ಮುಂದಿನ ಟೀಯತ್ತ ನಡೆಯುತ್ತ ಅವರು 'ಐದು' ಎಂದರು. ಗೆಳೆಯನು ಬಂಕರಿನ ಎರಡೂ ಹೊಡೆತಗಳನ್ನು ನೆನಪಿಸಿ, 'ಆರು ಅಲ್ಲವೇ ಸರ್?' ಎಂದ. ಅವರು ಉತ್ತರಿಸಲಿಲ್ಲ. ಅವನು ಆರು ಎಂದು ಬರೆದ.

ಕಾರ್ಡು ಒಪ್ಪಿಸುವ ಮೇಜಿನ ಬಳಿ ಅವರು ಆ ಅಂಕಿಯನ್ನು ಬಹಳ ಹೊತ್ತು ನೋಡಿ ರುಜು ಹಾಕಿದರಂತೆ. ಒಪ್ಪದಿದ್ದರೆ ಸಮಿತಿಯ ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ಆ ಮಟ್ಟಿಗೆ ಅವರನ್ನು ಮೆಚ್ಚಲೇಬೇಕು. ನೆಟ್ 71 ಆಗಬೇಕಾದದ್ದು 72 ಆಗಿ ಮೊದಲ ಸ್ಥಾನದ ಬದಲು ಮೂರನೆಯದು ದಕ್ಕಿತು. ಚಹಾ ಕುಡಿಯುತ್ತ ನಾವು ಗೆಳೆಯನನ್ನು ಕೆದಕಿದೆವು, ವರದಿಯ ನೆನಪನ್ನೂ ಮಾಡಿಕೊಟ್ಟೆವು. ಅವನು 'ಆರಂದ್ರ ಆರs ಅಲ್ಲೇನ್ರೀ?' ಎಂದು ಸಮೋಸದ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡ.

ಇಡೀ ಪ್ರಸಂಗಕ್ಕೆ ಇನ್ನೊಬ್ಬ ಸಾಕ್ಷಿಯಿದ್ದ: ಮುಂದೆ ನಿಂತು ಚೆಂಡು ಬಿದ್ದ ಜಾಗವನ್ನು ತೋರಿಸುವ ಆಗೇವಾಲಾ. ಎಲ್ಲರ ಹೊಡೆತಗಳೂ ಅವನಿಗೆ ಕಂಠಪಾಠ. ದಿನಗೂಲಿಯೂ ಬಕ್ಷೀಸೂ ಸಾಹೇಬರ ಕೈಯಲ್ಲಿರುವುದರಿಂದ ಅವನು ಅಂದು ಬಂಕರನ್ನು ಹರಗುತ್ತ ತಲೆಯೆತ್ತಲಿಲ್ಲ. ಅವನಿಗೆ ಕಾರ್ಡಿನಲ್ಲಿ ರುಜು ಹಾಕುವ ಜಾಗವೂ ಇಲ್ಲ.

ಗೆಳೆಯನ ಆ ವರ್ಷದ ವರದಿಯಲ್ಲಿ ಅಂಕ ಹಿಂದಿನ ವರ್ಷಕ್ಕಿಂತ ಕಡಿಮೆ ಬಂತು. ಕಾರಣ ಗಾಲ್ಫೇ ಎನ್ನಲು ನಮ್ಮಲ್ಲಿ ಆಧಾರವಿಲ್ಲ. ಅವನು ಮನವಿ ಸಲ್ಲಿಸಲಿಲ್ಲ, ಆಡುವುದನ್ನು ಬಿಡಲೂ ಇಲ್ಲ. ಈ ವರ್ಷದ ಪಂದ್ಯದ ಜೋಡಿಪಟ್ಟಿ ಕಳೆದ ವಾರ ಬಂತು. ಸಂಘಟಕರು ಅವರಿಬ್ಬರನ್ನು ಬೇರೆ ಬೇರೆ ಗುಂಪುಗಳಿಗೆ ಹಾಕಿದ್ದಾರೆ. ಹಿರಿಯರ ಕಾರ್ಡು ಈ ಸಲ ನಮ್ಮಲ್ಲೇ ಇನ್ನೊಬ್ಬರ ಪಾಲಿಗೆ ಬಂದಿದೆ. ಬೆಂಗಳೂರಿಗೆ ವರ್ಗ ಕೋರಿದ ಅವರ ಅರ್ಜಿ ಈಗ ಇರುವುದು ಅದೇ ಹಿರಿಯರ ಮೇಜಿನ ಮೇಲೆ.