ಕಿರೀಟ ಮತ್ತು ಕರಿಯ

1996ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದುದನ್ನು ನಮ್ಮ ವಯಸ್ಸಿನ ಓದುಗರು ಮರೆತಿರಲಾರರು. ರೈತಸಂಘದ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರನ್ನೊಳಗೊಂಡು ಅನೇಕರು ಅದನ್ನು ಪ್ರತಿಭಟಿಸಿದರು. ಈಜುಡುಗೆಯ ಭಾಗವನ್ನು ಇಲ್ಲಿ ನಡೆಸಲಾಗದೆ ಸೇಶೆಲ್ಸ್ ದ್ವೀಪಗಳಿಗೆ ಒಯ್ಯಬೇಕಾಯಿತು. ಆಗ ನಮಗೆ ಮೂವತ್ತೇಳು ವರ್ಷ. ಮಠದ ಪಾಠಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸುತ್ತಿದ್ದ ಕಾಲ. ಊರೂರಿನ ಸಭೆಗಳಲ್ಲಿ ನಾವೂ ಖಾರವಾಗಿ ಮಾತನಾಡಿದೆವು. ‘ಹೆಣ್ಣುಮಕ್ಕಳನ್ನು ತಕ್ಕಡಿಯಲ್ಲಿಟ್ಟು ತೂಗುವ ಸಂತೆಯಿದು, ಇಂಥ ಕಿರೀಟ ತೊಟ್ಟವಳಿಂದ ಲೋಕಕ್ಕೆ ಎಳ್ಳಷ್ಟೂ ಉಪಕಾರವಿಲ್ಲ’ ಎಂದು ಹೇಳಿದ್ದೆವು. ಜನರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮಾತನ್ನು ಮರಳಿ ಪರಾಮರ್ಶಿಸುವ ಗೋಜಿಗೆ ಮನುಷ್ಯನು ಹೋಗುವುದಿಲ್ಲ. ನಾವೂ ಇಪ್ಪತ್ಮೂರು ವರ್ಷ ಹೋಗಲಿಲ್ಲ.

2019ರ ಬೇಸಿಗೆಯಲ್ಲಿ ನಮ್ಮ ಹಿರಿಯಕ್ಕನನ್ನು ಕಾಣಲು ಅಮೆರಿಕದ ನ್ಯೂಜೆರ್ಸಿ ರಾಜ್ಯಕ್ಕೆ ಹೋಗಬೇಕಾಯಿತು. ಭಾವನವರು ತೀರಿಕೊಂಡ ಮೇಲೆ ಅಕ್ಕ ಅಲ್ಲಿ ಮಗನ ಮನೆಯಲ್ಲಿದ್ದಳು. ಎಪ್ಪತ್ತೊಂದರ ವಯಸ್ಸಿನಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯೇನೋ ಸುಸೂತ್ರವಾಗಿ ನಡೆಯಿತು. ಅನಂತರ ನಡೆದಾಡುವುದನ್ನು ಮತ್ತೆ ಕಲಿಸುವ ಒಂದು ಆರೈಕೆಯ ಕೇಂದ್ರದಲ್ಲಿ ಅವಳನ್ನು ಇರಿಸಿದ್ದರು. ಅಳಿಯ ದೂರವಾಣಿಯಲ್ಲಿ, ‘ಮಾಮಾ, ಅವ್ವ ಮಾತು ಬಿಟ್ಟಾಳ್ರಿ. ಊಟಾನೂ ಸರಿಯಾಗಿ ಮಾಡೂದಿಲ್ಲ. ನೀವು ಬಂದ್ರ ಬಾಯಿ ಬಿಟ್ಟಾಳೇನೋ’ ಎಂದು ಅತ್ತಿದ್ದನು.

ನಾವು ಹೋದೆವು. ಎಂಟು ದಿನ ಅವಳ ಹಾಸಿಗೆಯ ಬಳಿ ಕುಳಿತೆವು. ನಮಗೆ ತಿಳಿದ ವಿದ್ಯೆಯೆಂದರೆ ಮಾತು. ಅದನ್ನೇ ಧಾರಾಳವಾಗಿ ಬಳಸಿದೆವು. ಧೈರ್ಯ ಹೇಳಿದೆವು, ದೇಹ ನಶ್ವರವೆಂದು ವಿವರಿಸಿದೆವು, ಎದ್ದು ನಡೆಯಬೇಕೆಂದು ಬುದ್ಧಿ ಹೇಳಿದೆವು. ಅಕ್ಕ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಮಲಗಿರುತ್ತಿದ್ದಳು. ದಾದಿಯರು ಒಳ್ಳೆಯವರೇ, ಆದರೆ ಅವರ ಮಾತು ಇವಳಿಗೆ ತಿಳಿಯದು, ಇವಳ ಕನ್ನಡ ಅವರಿಗೆ ತಿಳಿಯದು. ವ್ಯಾಯಾಮ ಮಾಡಿಸುವ ತರುಣಿ ದಿನವೂ ಬಂದು, ಅಕ್ಕ ತಲೆಯಲ್ಲಾಡಿಸಿದ್ದನ್ನು ಬರೆದುಕೊಂಡು ಹೋಗುತ್ತಿದ್ದಳು. ಹೀಗೆಯೇ ಮಲಗಿದರೆ ಮುಂದೆ ಏಳುವುದು ಕಷ್ಟವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು.

ಒಂಬತ್ತನೆಯ ದಿನ ಶನಿವಾರ. ಪಡಸಾಲೆಯಲ್ಲಿ ಏನೋ ಸಂಭ್ರಮ ಕೇಳಿಸಿತು. ಇಣುಕಿ ನೋಡಿದರೆ ಹದಿನಾರು ವಯಸ್ಸಿನ ಒಬ್ಬ ಹುಡುಗಿ, ಹೆಗಲಿನಿಂದ ಸೊಂಟದವರೆಗೆ ಬಿರುದು ಬರೆದ ರೇಷ್ಮೆಯ ಪಟ್ಟಿ ಧರಿಸಿ, ಒಂದು ಕರಿಯ ಲ್ಯಾಬ್ರಡಾರ್ ನಾಯಿಯನ್ನು ಹಿಡಿದು ಬರುತ್ತಿದ್ದಳು. ಜೊತೆಯಲ್ಲಿ ಅವಳ ತಾಯಿ. ರಾಜ್ಯಮಟ್ಟದ ಹದಿಹರೆಯದವರ ಸೌಂದರ್ಯ ಸ್ಪರ್ಧೆಯಲ್ಲಿ ಆ ವರ್ಷ ಗೆದ್ದವಳು ಅವಳೇ ಎಂದು ಅಳಿಯ ತಿಳಿಸಿದನು. ನಮ್ಮ ಮುಖ ಗಂಟಿಕ್ಕಿತು. ಸುಂದರಿಯರ ಸಂತೆ ಇಲ್ಲಿಯೂ ಬಂದಿತೆ? ಅದೂ ನಾಯಿಯೊಂದಿಗೆ, ರೋಗಿಗಳ ಕೋಣೆಗೆ? ‘ನಮ್ಮ ಕೋಣೆಗೆ ಬೇಡ’ ಎಂದೆವು. ಅಳಿಯ ಮೆಲ್ಲಗೆ, ‘ಮಾಮಾ, ಬ್ಯಾಡ ಅನ್ನೂದು ಅವ್ವ ಹೇಳಬೇಕ್ರಿ’ ಎಂದನು. ನಾವು ಸುಮ್ಮನಾದೆವು.

ಬಾಗಿಲಲ್ಲಿ ನಿಂತು ಆ ಹುಡುಗಿ ಒಳಗೆ ಬರಬಹುದೆ ಎಂದು ಕೇಳಿದ್ದು ನಮ್ಮನ್ನಲ್ಲ, ಅಕ್ಕನನ್ನು. ಅಕ್ಕ ತಿರುಗಿ ನೋಡಿದಳು. ಬೇಡವೆನ್ನಲಿಲ್ಲ. ಹುಡುಗಿ ನಾಯಿಯನ್ನು ಹಾಸಿಗೆಯ ಮಗ್ಗುಲಿಗೆ ತಂದು ಕೂರಿಸಿ, ತಾನು ನೆಲದ ಮೇಲೆ ಕುಳಿತಳು. ಒಂದು ಮಾತನ್ನೂ ಆಡಲಿಲ್ಲ. ನಾಯಿಯೂ ಬೊಗಳಲಿಲ್ಲ, ಜಿಗಿಯಲಿಲ್ಲ, ನೆಕ್ಕಲಿಲ್ಲ. ಹಾಸಿಗೆಯ ಅಂಚಿಗೆ ಗದ್ದವೂರಿ ಅಕ್ಕನನ್ನೇ ನೋಡುತ್ತಿತ್ತು. ಎಷ್ಟು ಹೊತ್ತಾಯಿತೋ ತಿಳಿಯದು. ಹೊದಿಕೆಯ ಒಳಗಿನಿಂದ ಅಕ್ಕನ ಕೈ ನಿಧಾನವಾಗಿ ಹೊರಬಂದು ಅದರ ತಲೆಯ ಮೇಲೆ ನಿಂತಿತು.

‘ಯಾಕೋ ಕರಿಯಾ, ಇಷ್ಟು ದಿನಾ ಎಲ್ಲಿ ಹೋಗಿದ್ದೀ?’ ಎಂದಳು.

ಮೂರು ವಾರಗಳಲ್ಲಿ ಅವಳಾಡಿದ ಮೊದಲ ಪೂರ್ಣ ವಾಕ್ಯ ಅದು. ಅಳಿಯ ಗೋಡೆಯ ಕಡೆ ತಿರುಗಿ ನಿಂತನು. ಏನೆಂದಳು ಎಂದು ಹುಡುಗಿ ನಮ್ಮನ್ನು ಕೇಳಿದಳು. ನಮ್ಮ ಗಂಟಲೂ ಕಟ್ಟಿತ್ತು.

ಕರಿಯನೆಂಬುದು ಗದಗಿನ ಸೀಮೆಯ ನಮ್ಮ ಹಳ್ಳಿಯ ಮನೆಯ ನಾಯಿ. ಅಕ್ಕ ಬಾವಿಗೆ ಹೊರಟರೆ ಅದು ಮುಂದೆ, ಹೊಲಕ್ಕೆ ಬುತ್ತಿ ಒಯ್ದರೆ ಹಿಂದೆ. ಅವಳು ಲಗ್ನವಾಗಿ ಗಂಡನ ಮನೆಗೆ ಹೊರಟಾಗ ನಮಗೆ ಏಳು ವರ್ಷ. ಚಕ್ಕಡಿಯ ಹಿಂದೆ ಕರಿಯ ಹಳ್ಳದವರೆಗೆ ಓಡಿತು. ಅಲ್ಲಿಂದ ಮುಂದೆ ಹೋಗದೆ ನಿಂತಿತು. ಮರುವರ್ಷ ನಮ್ಮನ್ನು ಮಠದ ಪಾಠಶಾಲೆಗೆ ಸೇರಿಸಿದರು. ಅನಂತರ ಆ ನಾಯಿಯ ನೆನಪೇ ನಮಗೆ ಬಂದಿರಲಿಲ್ಲ. ಅಕ್ಕನ ಎದೆಯಲ್ಲಿ ಅದು ಐವತ್ತಮೂರು ವರ್ಷ ಹಳ್ಳದ ದಂಡೆಯಲ್ಲಿಯೇ ನಿಂತಿತ್ತೆಂಬುದು ನಮಗೆ ಹೇಗೆ ತಿಳಿಯಬೇಕು? ಎಂಟು ದಿನ ನಾವು ಅವಳಿಗೆ ಹೇಳಿದೆವೇ ಹೊರತು ಅವಳನ್ನು ಕೇಳಿರಲಿಲ್ಲ.

ಮರುವಾರ ವ್ಯಾಯಾಮದ ತರುಣಿ ಒಂದು ಉಪಾಯ ಹೂಡಿದಳು. ನಾಯಿಗೆ ಎರಡು ಹಗ್ಗ ಕಟ್ಟಿ, ಒಂದನ್ನು ಹುಡುಗಿಯ ಕೈಯಲ್ಲಿಯೂ ಇನ್ನೊಂದನ್ನು ಅಕ್ಕನ ಕೈಯಲ್ಲಿಯೂ ಕೊಟ್ಟಳು. ‘ಕರಿಯನ ಅಡ್ಡಾಡಿಸಬೇಕಂತ’ ಎಂದು ಅಳಿಯ ಹೇಳಿದನು. ಇಬ್ಬರ ಆಸರೆಯಲ್ಲಿ ಅಕ್ಕ ಎದ್ದು ನಿಂತು ಬಾಗಿಲವರೆಗೆ ಆರು ಹೆಜ್ಜೆ ಹಾಕಿದಳು.

ಇದನ್ನು ಪವಾಡವೆಂದು ಯಾರೂ ಭಾವಿಸಬಾರದು. ನಾಯಿ ಮೂಳೆಯನ್ನು ಕೂಡಿಸುವುದಿಲ್ಲ, ಕಾಯಿಲೆಯನ್ನು ವಾಸಿಮಾಡುವುದಿಲ್ಲ. ಔಷಧಿ, ವ್ಯಾಯಾಮಗಳು ತಮ್ಮ ಕೆಲಸ ಮಾಡಬೇಕಾದರೆ ರೋಗಿಗೆ ಬದುಕಿನಲ್ಲಿ ಒಂದಿಷ್ಟು ಆಸೆ ಬೇಕು. ಆ ಆಸೆಯನ್ನು ಎಬ್ಬಿಸಲು ಕೆಲವರಿಗೆ ಇಂಥ ಪ್ರಾಣಿ ನೆರವಾಗುತ್ತದೆ, ಅಷ್ಟೆ. ಈ ವಿಷಯವನ್ನು ನಾವು ಅನಂತರ ಕುತೂಹಲದಿಂದ ಓದಿ ತಿಳಿದೆವು. ರೋಗಿಗೆ ಪುಟ್ಟ ಸಾಕುಪ್ರಾಣಿಯೊಂದು ಒಳ್ಳೆಯ ಸಂಗಾತಿಯಾಗಬಲ್ಲುದೆಂಬುದನ್ನು ದಾದಿಯರ ವೃತ್ತಿಗೆ ತಾಯಿಯಂತಿದ್ದ ಫ್ಲಾರೆನ್ಸ್ ನೈಟಿಂಗೇಲ್ 19ನೆಯ ಶತಮಾನದಲ್ಲಿಯೇ ಬರೆದಿದ್ದಾಳೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ನ್ಯೂಗಿನಿಯ ಕಾಡಿನಲ್ಲಿ ಸಿಕ್ಕ ಸ್ಮೋಕಿ ಎಂಬ ಅಂಗೈ ಅಗಲದ ನಾಯಿ ಗಾಯಾಳು ಸೈನಿಕರ ಹಾಸಿಗೆಗಳ ನಡುವೆ ಸುತ್ತಾಡಿ ಅವರನ್ನು ನಗಿಸಿತು. ಬೋರಿಸ್ ಲೆವಿನ್ಸನ್ ಎಂಬ ಮನಶ್ಶಾಸ್ತ್ರಜ್ಞನು, ಯಾರೊಂದಿಗೂ ಬೆರೆಯದ ಮಕ್ಕಳು ತನ್ನ ನಾಯಿಯೊಂದಿಗೆ ಸಲಿಗೆಯಿಂದಿರುವುದನ್ನು ಗಮನಿಸಿ 1960ರ ದಶಕದಲ್ಲಿ ಅದರ ಬಗೆಗೆ ಬರೆದಾಗ ಸಹೋದ್ಯೋಗಿಗಳಲ್ಲಿ ಹಲವರು ನಕ್ಕರಂತೆ. 1976ರಲ್ಲಿ ಎಲೈನ್ ಸ್ಮಿತ್ ಎಂಬ ದಾದಿ ಇಂಥ ನಾಯಿಗಳ ಒಂದು ಸಂಸ್ಥೆಯನ್ನು ಸ್ಥಾಪಿಸಿದ್ದು ಇದೇ ನ್ಯೂಜೆರ್ಸಿಯಲ್ಲಿ. 1999ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರದಲ್ಲಿ ಇನ್ನೊಂದು ಪ್ರಯೋಗ ಆರಂಭವಾಯಿತು: ತಡವರಿಸುತ್ತ ಓದುವ ಮಕ್ಕಳು ನಾಯಿಯ ಮುಂದೆ ಕುಳಿತು ಗಟ್ಟಿಯಾಗಿ ಪಾಠ ಓದುವುದು. ನಾಯಿ ತಪ್ಪು ಹಿಡಿಯುವುದಿಲ್ಲ, ನಗುವುದಿಲ್ಲ. ಆದುದರಿಂದ ಮಗು ಅಂಜುವುದಿಲ್ಲ.

ಇದಕ್ಕೆ ಕಟ್ಟುನಿಟ್ಟಾದ ನಿಯಮಗಳೂ ಉಂಟು. ಎಲ್ಲ ನಾಯಿಗಳೂ ಇದಕ್ಕೆ ಒದಗವು. ಅಪರಿಚಿತರು ಮುಟ್ಟಿದರೆ ಬೆದರಬಾರದು, ಪಾತ್ರೆ ಬಿದ್ದ ಸದ್ದಿಗೆ ಗಾಬರಿಯಾಗಬಾರದು, ಬೇರೊಂದು ನಾಯಿ ಎದುರಾದರೆ ಎಳೆಯಬಾರದು, ಕರೆದಾಗ ಬರಬೇಕು, ಕೂರೆಂದಾಗ ಕೂರಬೇಕು. ಅಮೆರಿಕದ ಶ್ವಾನಸಂಘವೊಂದು 1989ರಲ್ಲಿ ರೂಪಿಸಿದ ಹತ್ತು ಅಂಶಗಳ ಸನ್ನಡತೆಯ ಪರೀಕ್ಷೆಯನ್ನು ಅನೇಕರು ಮೊದಲ ಮೆಟ್ಟಿಲಾಗಿ ಬಳಸುತ್ತಾರೆ. ಚುಚ್ಚುಮದ್ದು ಆಗಿರಬೇಕು, ಮೈ ತೊಳೆದು ಬಾಚಿರಬೇಕು; ಮುಟ್ಟುವವರು ಮೊದಲೂ ಅನಂತರವೂ ಕೈ ಶುದ್ಧಮಾಡಿಕೊಳ್ಳಬೇಕು. ಕುರುಡರನ್ನು ನಡೆಸುವ ನಾಯಿಗೆ ಅಲ್ಲಿ ಕಾನೂನಿನಂತೆ ಸಾರ್ವಜನಿಕ ಸ್ಥಳಗಳಿಗೆ ಸಾಮಾನ್ಯವಾಗಿ ಪ್ರವೇಶವಿದೆ. ಸಾಂತ್ವನದ ಈ ನಾಯಿಗೆ ಅಂಥ ಹಕ್ಕಿಲ್ಲ. ಕರೆದಲ್ಲಿಗೆ ಮಾತ್ರ ಹೋಗಬೇಕು. ಕರೆಯದ ಮನೆಗೆ ಉಪದೇಶ ಹೊತ್ತು ಹೋಗುವ ನಮ್ಮಂಥವರಿಗೂ ಈ ನಿಯಮ ಇದ್ದಿದ್ದರೆ ಒಳ್ಳೆಯದಿತ್ತೆಂದು ನಮಗೆ ಅನ್ನಿಸಿತು.

ಎರಡನೆಯ ಶನಿವಾರ ನಾವು ಧೈರ್ಯಮಾಡಿ ಆ ಹುಡುಗಿಯನ್ನು ಮಾತನಾಡಿಸಿದೆವು. ‘ಮಗಳೇ, ಇಷ್ಟು ಒಳ್ಳೆಯ ಕೆಲಸಕ್ಕೆ ಈ ಪಟ್ಟಿ ಯಾತಕ್ಕೆ?’ ಎಂದು ನಮಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆವು. ಅವಳು ಮುನಿಯಲಿಲ್ಲ. ಕಿರೀಟ ಚೀಲದಲ್ಲಿಯೇ ಇದೆ, ಮಕ್ಕಳ ವಾರ್ಡಿಗೆ ಹೋದಾಗ ಮಾತ್ರ ತೆಗೆಯುತ್ತೇನೆ, ಮಕ್ಕಳಿಗೆ ಅದು ಇಷ್ಟ. ಮಲಗಿರುವ ಹಿರಿಯರ ಮುಂದೆ ಅದನ್ನು ಧರಿಸಲು ಸಂಕೋಚವಾಗುತ್ತದೆ ಎಂದಳು. ಬಿರುದು ಬಂದ ಮೇಲೆ ಶಾಲೆಗಳಿಂದ, ಗ್ರಂಥಾಲಯಗಳಿಂದ, ಊರಿನ ಮೆರವಣಿಗೆಗಳಿಂದ ಕರೆ ಬರುತ್ತವೆ. ಹೋದಲ್ಲೆಲ್ಲ ಅನಾಥ ನಾಯಿಗಳ ಆಶ್ರಯಕ್ಕಾಗಿ ಹಳೆಯ ಹೊದಿಕೆ, ಆಹಾರ ಕೇಳುತ್ತೇನೆ, ಪಟ್ಟಿ ಇದ್ದರೆ ಜನ ನಿಂತು ಕೇಳುತ್ತಾರೆ ಎಂದಳು. ಕೊನೆಗೆ ಅವಳು ಹೇಳಿದ ಮಾತಿನ ಸಾರವಿಷ್ಟು: ‘ನಾಯಿಯೊಂದಿಗೆ ಇಲ್ಲಿಗೆ ಬರಲು ತೊಡಗಿ ಮೂರು ವರ್ಷವಾಯಿತು, ಕಿರೀಟ ಬಂದು ಎಂಟು ತಿಂಗಳು. ಅದು ಮುಂದಿನ ವರ್ಷ ಬೇರೊಬ್ಬಳದು. ಶನಿವಾರಗಳು ನನ್ನವೇ.’

ಅವಳು ಮಾತನಾಡುತ್ತಿರುವಾಗ ನಾಯಿ ಎರಡು ಸಲ ಆಕಳಿಸಿತು, ತುಟಿ ನೆಕ್ಕಿಕೊಂಡಿತು. ಹುಡುಗಿ ಕೂಡಲೇ ಎದ್ದಳು. ಅದು ನಿದ್ದೆಯಲ್ಲ, ದಣಿವಿನ, ಬೇಸರದ ಗುರುತು. ಇನ್ನು ಇಂದಿಗೆ ಸಾಕು ಎಂದಳು. ಇನ್ನೂ ನಾಲ್ಕು ಕೋಣೆಗಳವರು ಕಾಯುತ್ತಿದ್ದರು. ಕ್ಷಮೆ ಕೇಳಿ ಹೊರಟೇಬಿಟ್ಟಳು. ಮಾತು ಬಾರದ ಪ್ರಾಣಿಯ ದಣಿವನ್ನು ಅರಿತು, ಹೊಗಳುವವರು ಕಾಯುತ್ತಿದ್ದರೂ ನಿಲ್ಲಿಸಬಲ್ಲ ವಿವೇಕ ಆ ಎಳೆಯ ವಯಸ್ಸಿಗೆ ಎಲ್ಲಿಂದ ಬಂತು? ಮೂಕಪ್ರಾಣಿಯ ಹೆಗಲೇರಿ ಕೀರ್ತಿ ಗಳಿಸುವವಳೆಂದು ನಾವು ಮನಸ್ಸಿನಲ್ಲಿ ಆಡಿಕೊಂಡಿದ್ದೆವು. ಆ ಮಾತು ನಮಗೇ ತಿರುಗಿ ಬಂದು ತಗುಲಿತು.

ಹಾಗೆಂದು ನಮ್ಮ ಹಳೆಯ ವಿಚಾರವನ್ನೆಲ್ಲ ನಾವು ಬಿಟ್ಟುಕೊಟ್ಟೆವೆಂದಲ್ಲ. ಅಮೆರಿಕದ ಹೆಸರಾಂತ ಸುಂದರಿ ಸ್ಪರ್ಧೆ 1921ರಲ್ಲಿ ಹುಟ್ಟಿದ್ದು ಇದೇ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ. ಬೇಸಿಗೆ ಮುಗಿದ ಮೇಲೂ ಪ್ರವಾಸಿಗರು ಕಡಲ ದಂಡೆಯಲ್ಲಿ ಉಳಿಯಲೆಂಬ ವ್ಯಾಪಾರದ ಎಣಿಕೆಯಿಂದ. ಆ ಸ್ಪರ್ಧೆಯವರು 2018ರಲ್ಲಿ ಈಜುಡುಗೆಯ ಭಾಗವನ್ನು ಕೈಬಿಟ್ಟರು. ಹದಿಹರೆಯದವರ ಒಂದು ದೊಡ್ಡ ಸ್ಪರ್ಧೆ ಅದಕ್ಕೂ ಎರಡು ವರ್ಷ ಮೊದಲೇ ಕೈಬಿಟ್ಟಿತ್ತು. ನಾವು ವಿರೋಧಿಸಿದ್ದರಲ್ಲಿ ಸತ್ಯವಿತ್ತೆಂಬುದಕ್ಕೆ ಇದು ಸಾಕ್ಷಿ. ಬೆಲೆಬಾಳುವ ಉಡುಪುಗಳು, ಎಳೆಯ ಹೆಣ್ಣುಮಕ್ಕಳ ಮೈಕಟ್ಟಿನ ಚಿಂತೆ, ಸೋತವರ ಕೊರಗು, ಇವು ಇಂದಿಗೂ ನಮಗೆ ಒಪ್ಪಿಗೆಯಲ್ಲ. ಆದರೆ ಸ್ಪರ್ಧೆಯನ್ನು ಖಂಡಿಸುವ ಭರದಲ್ಲಿ ಅದರಲ್ಲಿ ನಿಂತ ಹೆಣ್ಣುಮಗಳನ್ನೂ ನಾವು ತಕ್ಕಡಿಯಲ್ಲಿಟ್ಟು ತೂಗಿದ್ದೆವು. ತೀರ್ಪುಗಾರರು ಅವಳ ರೂಪವನ್ನು ತೂಗಿದರೆ ನಾವು ಅವಳ ಶೀಲವನ್ನು ನೋಡದೆಯೇ ತೂಗಿದೆವು. ಎರಡರಲ್ಲಿ ಯಾವುದು ಹೆಚ್ಚಿನ ತಪ್ಪೆಂಬುದನ್ನು ಓದುಗರೇ ನಿರ್ಣಯಿಸಲಿ.

ನಾವು ಊರಿಗೆ ಮರಳಿದ ಒಂದು ತಿಂಗಳಿಗೆ ಅಕ್ಕ ಊರುಗೋಲು ಹಿಡಿದು ಮನೆಗೆ ಬಂದಳು. ಚಳಿಗಾಲದಲ್ಲಿ ಅವಳನ್ನು ತಪಾಸಣೆಗೆ ಕರೆದೊಯ್ದಾಗ ಅಳಿಯ ಆ ಹುಡುಗಿಯನ್ನು ಮತ್ತೆ ಕಂಡನಂತೆ. ಬಿರುದು ಬೇರೊಬ್ಬಳಿಗೆ ಸಂದಿತ್ತು. ಪಟ್ಟಿಯಿಲ್ಲ, ಜೊತೆಗೆ ಬಂದು ಚಿತ್ರ ತೆಗೆಯುವವರಿಲ್ಲ. ನೆಲದ ಮೇಲೆ ಕುಳಿತ ಹುಡುಗಿ, ಪಕ್ಕದಲ್ಲಿ ಕರಿಯ. ಅಂದು ಶನಿವಾರವಾಗಿತ್ತು. 2020ರ ಮಾರ್ಚಿನಲ್ಲಿ ಮಹಾಮಾರಿಯ ದೆಸೆಯಿಂದ ಅಂಥ ಕೇಂದ್ರಗಳ ಬಾಗಿಲುಗಳೆಲ್ಲ ಹೊರಗಿನವರಿಗೆ ಮುಚ್ಚಿದವು. ಅಕ್ಕ 2022ರಲ್ಲಿ ಲಿಂಗೈಕ್ಯಳಾದಳು. ಕೊನೆಯ ವರ್ಷಗಳಲ್ಲಿ ದೂರವಾಣಿಯಲ್ಲಿ ಅವಳು ನಮ್ಮೊಂದಿಗೆ ತವರಿನ ಬಾವಿ, ಹೊಲ, ಹಳ್ಳಗಳ ಮಾತನ್ನು ಎಷ್ಟೋ ಹೊತ್ತು ಆಡುತ್ತಿದ್ದಳು. ನಾವು ಕೇಳುವುದನ್ನು ಕಲಿತಿದ್ದೆವು.

ಈಗ ನಮ್ಮೂರಿನಲ್ಲಿ ಶನಿವಾರದ ಸಂಜೆ ನಾವು ಇಬ್ಬರು ವೃದ್ಧರ ಮನೆಗೆ ಹೋಗುತ್ತೇವೆ. ಒಬ್ಬರು ನಮಗೆ ವ್ಯಾಕರಣ ಕಲಿಸಿದ ಗುರುಗಳು. ಇನ್ನೊಬ್ಬರು ಮಗ ಪರದೇಶದಲ್ಲಿರುವ ತಾಯಿ. ನಾಯಿಯನ್ನು ಒಯ್ಯುವುದಿಲ್ಲ, ಆ ಶಿಸ್ತಿನ ನಾಯಿ ನಮ್ಮಲ್ಲಿಲ್ಲ, ಬೀದಿನಾಯಿಯನ್ನು ರೋಗಿಯ ಬಳಿಗೆ ಒಯ್ಯುವುದು ಅಪಾಯವೂ ಹೌದು. ಬರಿಗೈಯಲ್ಲಿ ಹೋಗಿ ಹತ್ತಿರ ಕೂರುತ್ತೇವೆ. ಅವರು ಮಾತನಾಡಿದರೆ ಕೇಳುತ್ತೇವೆ, ಇಲ್ಲವಾದರೆ ಸುಮ್ಮನಿರುತ್ತೇವೆ. ನಾಲ್ಕು ದಶಕ ಪ್ರವಚನ ಮಾಡಿದವನಿಗೆ ಇದು ಸುಲಭದ ಅಭ್ಯಾಸವಲ್ಲ; ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಆಗ ಹಾಸಿಗೆಯ ಅಂಚಿಗೆ ಗದ್ದವೂರಿ ಕುಳಿತಿದ್ದ ಕರಿಯನನ್ನು ನೆನೆಯುತ್ತೇವೆ.

ನಮ್ಮ ಬಂಧುಗಳ ಮನೆಗಳಲ್ಲಿಯೂ ಕಿಟಕಿಯ ಕಡೆಗೆ ಮುಖಮಾಡಿ ಮಲಗಿದ ಹಿರಿಯರು ಇರಬಹುದು. ಅವರಿಗೆ ಔಷಧಿ ಕೊಡುವವರಿದ್ದಾರೆ, ಬುದ್ಧಿ ಹೇಳುವವರೂ ಇದ್ದಾರೆ. ಮನೆಯ ಮಕ್ಕಳನ್ನು ವಾರಕ್ಕೊಂದು ಹೊತ್ತು ಅವರ ಬಳಿ ಸುಮ್ಮನೆ ಕೂರಲು ಕಳುಹಿಸಿರಿ, ನೀವೂ ಕುಳಿತುಕೊಳ್ಳಿರಿ. ಅವರ ಕರಿಯ ಯಾವ ಹಳ್ಳದ ದಂಡೆಯಲ್ಲಿ ನಿಂತಿದೆಯೋ, ಅವರೇ ಒಂದು ದಿನ ಹೇಳಿಯಾರು.