ಮೊದಲ ಮನೆಯ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿರುವುದು ಸರಿಯಷ್ಟೆ. ಈಗಿನ ತರುಣರಾದರೋ ಮನೆಯನ್ನು ಕೇವಲ ವಾಸಸ್ಥಾನವೆಂದು ಎಣಿಸದೆ, ದ್ರವ್ಯವನ್ನು ವೃದ್ಧಿಗೊಳಿಸುವ ಸಾಧನವೆಂದೂ ಭಾವಿಸುವರು. ಈ ಭಾವನೆಯಲ್ಲಿ ದೋಷವೇನೂ ಇಲ್ಲ. ಆದರೆ ವಾಸಕ್ಕೂ ಲಾಭಕ್ಕೂ ಒಂದೇ ಗೃಹವು ಒದಗಬೇಕಾದರೆ, ಆರಿಸುವವನಿಗೆ ಉತ್ಸಾಹಕ್ಕಿಂತ ವಿವೇಕವು ಹೆಚ್ಚಾಗಿ ಬೇಕಾಗುವುದು.

ಧಾರವಾಡದಲ್ಲಿ ಉದ್ಯೋಗದಲ್ಲಿರುವ ಓರ್ವ ತರುಣನ ಸಂಗತಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ. ತಿಂಗಳಿಗೆ 50,000 ರೂಪಾಯಿ ವೇತನ. ಮಿತವ್ಯಯದಿಂದ ಕೂಡಿಟ್ಟ 7 ಲಕ್ಷ ರೂಪಾಯಿ. ಮನೆಯಲ್ಲಿ ವಿಧವೆಯಾದ ತಾಯಿ, ಓದುತ್ತಿರುವ ತಂಗಿ. ಅವನ ಮುಂದೆ ಮೂರು ಮಾರ್ಗಗಳಿದ್ದವು.

ಮೊದಲನೆಯದು, ಊರ ಹೊರಗೆ ಎನ್.ಎ. ಆಗದ ಹೊಲವನ್ನು ತುಂಡುಮಾಡಿದ ನಿವೇಶನ. ಬೆಲೆ ಅತ್ಯಲ್ಪ; ಆದರೆ ಮಾರುವವನು ಕ್ರಯಪತ್ರಕ್ಕೆ ಬದಲಾಗಿ ಮುಖ್ತಿಯಾರ ಪತ್ರವನ್ನು ಬರೆದುಕೊಡುವೆನೆಂದನು. ಅಂತಹ ಪತ್ರಮಾತ್ರದಿಂದ ಸ್ಥಿರಾಸ್ತಿಯ ಸ್ವಾಮ್ಯವು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಸ್ಪಷ್ಟಪಡಿಸಿದೆ. ಆದುದರಿಂದ ತರುಣನು ಅದನ್ನು ಬಿಟ್ಟನು.

ಎರಡನೆಯದು, ಹುಬ್ಬಳ್ಳಿಯಲ್ಲಿ ಕಟ್ಟುತ್ತಿದ್ದ ಫ್ಲಾಟು. 2016ರ ರೇರಾ ಕಾಯಿದೆಯಂತೆ ಅದು ನೋಂದಣಿಯಾಗಿದ್ದಿತು. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70ರಷ್ಟನ್ನು ಆ ಕೆಲಸಕ್ಕೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕೆಂಬ ನಿಯಮದ ರಕ್ಷಣೆಯೂ ಇದ್ದಿತು. ಸೋದರಮಾವನಿಗೆ ಇದು ಬಹಳ ಒಪ್ಪಿಗೆಯಾಯಿತು. ಸಾಲದೆ ಬಂದ ಹಣಕ್ಕಾಗಿ ತಾಯಿಯು ತನ್ನ ಕೈಯ ಪಾಟಲಿಗಳನ್ನು ಒತ್ತೆಯಿಡಲು ಮುಂದಾದಳು. ಮಗನು ಒಪ್ಪಲಿಲ್ಲ. ಕಟ್ಟಡವು ಮುಗಿಯುವವರೆಗೆ ಈಗಿನ ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ತೆರಬೇಕಲ್ಲವೆ? ಆ ನಡುವೆ ತಂಗಿಯ ಓದಿಗೆ ಹಣವೆಲ್ಲಿಂದ ಬರಬೇಕು?

ಮೂರನೆಯದು, ಊರೊಳಗಿನ ಹಳೆಯ ಮನೆ. ಬೆಲೆ 25 ಲಕ್ಷ. ಕೆಳಗೆ ವಾಸಕ್ಕೆ ಸಾಕಾಗುವಷ್ಟು ಸ್ಥಳ. ಮೇಲಿನ ಮಹಡಿಗೆ ಹೊರಗಿನಿಂದ ಬೇರೆ ಮೆಟ್ಟಿಲು. ಸೋದರಮಾವನು ಹಳೆಯ ಗೋಡೆಗಳನ್ನು ನೋಡಿ ಮೂಗು ಮುರಿದನು. ತರುಣನು ಮೆಟ್ಟಿಲನ್ನು ನೋಡಿದನು.

ಅವನ ಲೆಕ್ಕವು ಹೀಗಿದ್ದಿತು. ತನ್ನ ಕೈಯಿಂದ 5 ಲಕ್ಷ, ಬ್ಯಾಂಕಿನ ಸಾಲ 20 ಲಕ್ಷ. ಉಳಿದ 2 ಲಕ್ಷವು ಮುದ್ರಾಂಕ, ನೋಂದಣಿ, ಸೋರುವ ಮಾಡಿನ ದುರಸ್ತಿಗಳಿಗೆ ಮೀಸಲು. ನೂರಕ್ಕೆ 9ರ ಬಡ್ಡಿಯಂತೆ 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 18,000 ರೂಪಾಯಿ. ಒಟ್ಟು ತೆರುವುದು 43 ಲಕ್ಷಕ್ಕೂ ಮಿಕ್ಕು. 15 ವರ್ಷದ ಅವಧಿಯಾದರೆ ಕಂತು 20,300ರಷ್ಟಾಗಿ, ಬಡ್ಡಿಯಲ್ಲಿ ಆರೂವರೆ ಲಕ್ಷಕ್ಕಿಂತ ಹೆಚ್ಚು ಉಳಿಯುವುದು. ಆದರೂ ಅವನು ದೀರ್ಘಾವಧಿಯನ್ನೇ ಆರಿಸಿ, ಕೈಯಲ್ಲಿ ಹಣವಿದ್ದಾಗ ಅಸಲಿಗೆ ಸೇರಿಸಲು ನಿಶ್ಚಯಿಸಿದನು. ಮಹಡಿಯಿಂದ 6,000 ರೂಪಾಯಿ ಬಾಡಿಗೆಯು ಬಂದೀತು. ಬಾರದಿದ್ದರೂ, ಬಡ್ಡಿಯ ದರವು ಕೊಂಚ ಏರಿದರೂ ವೇತನವೊಂದರಿಂದಲೇ ಕಂತು ಸಲ್ಲಬೇಕೆಂಬುದೇ ಅವನ ಪರೀಕ್ಷೆಯಾಗಿದ್ದಿತು. ಕೈಗೆಟಕುವ ಬೆಲೆಯೆಂದರೆ ಇದೇ ಹೊರತು, ಬ್ಯಾಂಕು ಎಷ್ಟು ಸಾಲ ಕೊಟ್ಟೀತೆಂಬುದಲ್ಲ.

ಸಿಟಿ ಸರ್ವೆ ಉತಾರ, 30 ವರ್ಷಗಳ ಋಣಭಾರ ಪತ್ರ ಇವೆರಡನ್ನೂ ವಕೀಲರಿಗೆ ತೋರಿಸಿದಾಗ ಒಂದು ತೊಡಕು ಹೊರಬಿದ್ದಿತು. ಮನೆಯು ಪಿತ್ರಾರ್ಜಿತ, ಮಾರುವವನ ತಂಗಿಯ ಸಮ್ಮತಿಯಿರಲಿಲ್ಲ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕುಂಟು. ಆಕೆಯು ದೂರದೂರಿನಲ್ಲಿರುವಳು, ಕೇಳಲಾರಳು ಎಂದು ಮಾರುವವನು ಅವಸರಪಡಿಸಿ, ಬೆಲೆಯಲ್ಲಿ ಒಂದು ಲಕ್ಷವನ್ನು ಇಳಿಸಲೂ ಸಿದ್ಧನಾದನು. ತನಗೂ ತಂಗಿಯೊಬ್ಬಳಿರುವಳೆಂದು ಹೇಳಿ ತರುಣನು ಮೂರು ತಿಂಗಳು ಕಾದನು. ಆಕೆಯು ಬಂದು, ತನ್ನ ಪಾಲಿನ ಹಣವನ್ನು ಪಡೆದು, ಸಹಿ ಹಾಕಿದ ಬಳಿಕವೇ ಕ್ರಯಪತ್ರವು ನೋಂದಣಿಯಾಯಿತು. ಒಂದು ಲಕ್ಷದ ರಿಯಾಯಿತಿಯು ಹೋಯಿತು. ನ್ಯಾಯಾಲಯದ ಮೆಟ್ಟಿಲು ತಪ್ಪಿತು.

ಪ್ರಥಮ ಗೃಹವೇ ಅಂತಿಮ ಗೃಹವಾಗಬೇಕೆಂಬ ನಿಯಮವಿಲ್ಲ. ಋಣವು ತಗ್ಗಿದ ಮೇಲೆ ಮತ್ತೊಂದನ್ನು ಕೊಳ್ಳಬಹುದು, ಇದನ್ನು ಬಾಡಿಗೆಗೆ ಕೊಡಬಹುದು. ಆದರೆ ಮೊದಲನೆಯದು ಮನೆಯವರ ನೆಮ್ಮದಿಯನ್ನು ಒತ್ತೆಯಿಟ್ಟು ಕೊಂಡದ್ದಾದರೆ, ಎರಡನೆಯದಕ್ಕೆ ಅವಕಾಶವೇ ಉಳಿಯಲಾರದು.